ಗದ್ದೆಹೊಸೂರಿನ ನೂರು ಮಕ್ಕಳು

ಹೋದ ತಿಂಗಳು ಮದ್ದೂರಿನಲ್ಲಿರುವ ತಂಗಿಯ ಮಗಳ ಮನೆಗೆ ಹೋಗಿದ್ದೆ. ಹಿತ್ತಿಲ ಮೋರಿಯಲ್ಲಿ ಸೊಳ್ಳೆಮರಿ ತುಂಬಿವೆಯೆಂದು ಅವಳ ಗಂಡ ಒಂದು ಲೋಟ ಸೀಮೆಎಣ್ಣೆ ತಂದು ಸುರಿದ. ನಿಂತ ನೀರಿನ ಮೇಲೆ ಎಣ್ಣೆ ಹರಡುವಾಗ ಏಳುವ ವಾಸನೆ ಮೂಗಿಗೆ ಬಂದದ್ದೇ ತಡ, ಕುಡಿಯುತ್ತಿದ್ದ ಕಾಫಿ ಬಾಯಲ್ಲೇ ನಿಂತಿತು. ‘ಯಾಕೆ ಮಾವ, ಡಿಕಾಕ್ಷನ್ ಜಾಸ್ತಿ ಆಯ್ತಾ?’ ಎಂದಳು. ಹೌದು ಎಂದೆ. ಈ ವಯಸ್ಸಿನಲ್ಲಿ ಇದ್ದ ವಿಷಯ ಹೇಳುತ್ತ ಕೂರುವುದಕ್ಕಿಂತ ತಪ್ಪನ್ನು ಡಿಕಾಕ್ಷನ್ ಮೇಲೆ ಹಾಕುವುದು ಸುಲಭ.

ಯುದ್ಧ ನಡೆಯುತ್ತಿದ್ದ ಕಾಲ ಅದು. ಮೈಸೂರಿನಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ್ದೆ. ಎಲ್ಲಿಯೂ ಕೆಲಸ ಸಿಗದೆ ಕೊನೆಗೆ ಜ್ವರದ ಸರ್ವೆಯಲ್ಲಿ ಲೆಕ್ಕ ಬರೆಯುವವನಾಗಿ ಮದ್ದೂರಿಗೆ ಬಂದೆ. ಈ ಸೀಮೆಗೆ ಕಾಲುವೆ ಬಂದು ಹತ್ತು ವರ್ಷದ ಆಸುಪಾಸು. ರಾಗಿ ಹೊಲಗಳಿದ್ದ ಕಡೆ ಭತ್ತ, ಕಬ್ಬು. ಜನ ದಿನಾ ಅನ್ನ ಉಣ್ಣುವಂತಾಗಿದ್ದರು, ಅದರ ಜೊತೆಗೆ ಚಳಿಜ್ವರವೂ ಮನೆಮನೆಗೆ ಬಂದು ಕೂತಿತ್ತು. ಜ್ವರಕ್ಕೆ ಮದ್ದು ಕ್ವಿನೈನು. ಆ ಕ್ವಿನೈನು ಬರುತ್ತಿದ್ದ ಜಾವಾ ದ್ವೀಪ ಜಪಾನಿನವರ ಪಾಲಾಗಿತ್ತು. ಉಳಿದಿರುವ ಮಾತ್ರೆಯನ್ನು ಎಲ್ಲ ಊರಿಗೂ ಹಂಚಲಾಗದು, ಯಾವ ಊರಿಗೆ ನಿಜವಾಗಿ ಬೇಕೆಂದು ಲೆಕ್ಕದಲ್ಲಿ ರುಜುವಾತಾಗುತ್ತದೋ ಆ ಊರಿಗೆ ಮಾತ್ರ ಎಂದು ಮೇಲಿನ ಕಚೇರಿಯ ಅಪ್ಪಣೆಯಾಗಿತ್ತು. ಆ ಲೆಕ್ಕ ಮಾಡಬೇಕಾದವರು ನಾವಿಬ್ಬರು. ಒಬ್ಬರು ನನ್ನ ಮೇಲಧಿಕಾರಿ ಶ್ಯಾಮರಾಯರು, ಇನ್ನೊಬ್ಬ ನಾನು.

ಶ್ಯಾಮರಾಯರಿಗೆ ಐವತ್ತು ದಾಟಿತ್ತು. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಕೆಮ್ಮುತ್ತಿದ್ದರು. ಅವರಿಗೂ ಜ್ವರ ಬಂದು ಬಂದು ಮೈ ಹಣ್ಣಾಗಿತ್ತು. ಅಷ್ಟಿದ್ದರೂ ಮಾತು ಮಾತ್ರ ಸಾಣೆ ಹಿಡಿದ ಹಾಗಿತ್ತು. ಮೊದಲ ದಿನ ನಾವು ತಂಗಿದ್ದ ಮುಸಾಫರಖಾನೆಯ ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಕೇಳಿದರು: ‘ಏನಯ್ಯ ನಂಜುಂಡ, ಬಿ.ಎಸ್ಸಿ. ಅಂತೀಯ. ಕಾಲುವೆ ಇರೋ ಊರಲ್ಲಿ ಜ್ವರ ಜಾಸ್ತಿ ಅಂತ ಹೇಗೆ ಹೇಳ್ತೀಯ?’

‘ಎಣಿಸಿ ನೋಡಿದರಾಯಿತು ಸಾರ್.’

‘ಎಣಿಸೋಕೆ ದನ ಕಾಯೋನೂ ಸಾಕು. ಎಣಿಸಿದ ಮೇಲೆ ಏನ್ ಮಾಡ್ತೀಯ, ಅದನ್ನ ಹೇಳು.’

ಅವರು ಸೀಮೆಸುಣ್ಣದಲ್ಲಿ ಜಗಲಿಯ ಮೇಲೆ ನಾಲ್ಕು ಚೌಕ ಬರೆದರು. ಮೇಲಿನ ಸಾಲು ಕಾಲುವೆಯ ಊರು, ಕೆಳಗಿನ ಸಾಲು ಮಳೆ ನಂಬಿದ ಊರು. ಎಡಕ್ಕೆ ಗಡ್ಡೆ ಇರುವ ಮಕ್ಕಳು, ಬಲಕ್ಕೆ ಇಲ್ಲದ ಮಕ್ಕಳು. ಗಡ್ಡೆಯೆಂದರೆ ಜ್ವರಗಡ್ಡೆ. ಚಳಿಜ್ವರ ಮತ್ತೆ ಮತ್ತೆ ಬಂದ ಮಗುವಿನ ಎಡಪಕ್ಕೆಯ ಕೆಳಗೆ ಗುಲ್ಮ ಊದಿಕೊಂಡು ಗಟ್ಟಿಯಾಗಿ ಬೆರಳಿಗೆ ಸಿಗುತ್ತದೆ. ಮಗುವಿನ ಬಾಯಿ ಸುಳ್ಳು ಹೇಳಬಹುದು, ತಾಯಿ ಮರೆಯಬಹುದು, ಗಡ್ಡೆ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು ರಾಯರು. ಅದನ್ನು ಮುಟ್ಟಿ ನೋಡುವುದನ್ನು ಒಬ್ಬ ಡಾಕ್ಟರು ಎರಡು ದಿನ ಪಕ್ಕದಲ್ಲಿ ನಿಂತು ನನಗೆ ಕಲಿಸಿದ್ದರು.

ಕಾಲುವೆಯ ಊರು ಗದ್ದೆಹೊಸೂರು. ಚಿಕ್ಕರಸಿನಕೆರೆಯಿಂದ ಮುಂದೆ, ಮೂರು ಕಡೆ ಭತ್ತದ ಗದ್ದೆ, ಮನೆಯ ಗೋಡೆಗೇ ನೀರು ತಾಗುವಂತಿತ್ತು. ಮಳೆಯ ಊರು ಕಲ್ಮರಡಿ. ಅಲ್ಲಿಂದ ಐದಾರು ಮೈಲಿ, ಮಳವಳ್ಳಿ ದಿಕ್ಕಿಗೆ, ಎತ್ತರದ ಕೆಂಪುನೆಲ, ರಾಗಿ ಮತ್ತು ಹುರುಳಿ. ಊರಿಗೆ ನೂರು ಮಕ್ಕಳಂತೆ ನೋಡಬೇಕು, ಒಂದು ಮಗುವನ್ನು ಒಂದೇ ಸಲ, ಒಂದೇ ಚೌಕದಲ್ಲಿ. ಮಗುವಿಗೊಂದು ಹಾಳೆ. ಹಾಳೆಯಲ್ಲಿ ಐದು ಪ್ರಶ್ನೆ. ಕೊನೆಯದು, ‘ಈ ಮಳೆಗಾಲವೆಲ್ಲ ಮಗು ಇದೇ ಊರಿನಲ್ಲಿ ಮಲಗಿತ್ತೇ?’ ಎಂಬುದು. ಅದನ್ನು ರಾಯರೇ ಸೇರಿಸಿದ್ದರು.

ಆ ಕಾರ್ತಿಕ ಮಾಸ ನಾನು ನಡೆದಷ್ಟು ಆಮೇಲೆ ಜನ್ಮದಲ್ಲಿ ನಡೆಯಲಿಲ್ಲ. ಬೆಳಗ್ಗೆ ಗದ್ದೆಯ ಬದುವಿನ ಮೇಲೆ ಜಾರುತ್ತ ಹೋಗುವುದು, ಕೊಕ್ಕರೆಗಳು ನನ್ನನ್ನು ನೋಡಿ ಹಾರುವ ತೊಂದರೆಯನ್ನೂ ತೆಗೆದುಕೊಳ್ಳದೆ ನಿಂತಿರುವುದು, ಒಂದೊಂದು ಬಾಗಿಲಲ್ಲೂ ಅದೇ ಮಾತು ಆಡುವುದು. ಮಗುವನ್ನು ನಿಲ್ಲಿಸಿ, ಎಡಪಕ್ಕೆಗೆ ಬೆರಳೂರಿ, ‘ಉಸಿರೆಳಿ ಮಗು’ ಎನ್ನುವುದು. ಮುಗಿದ ಮೇಲೆ ಕೈಗೊಂದು ಚೂರು ಬೆಲ್ಲ. ಸಂಜೆಗೆ ನನ್ನ ಬೆರಳ ತುದಿಗಳು ಮರಗಟ್ಟುತ್ತಿದ್ದವು. ಕಾಲಿಗೆ ಕೆಸರುಹುಣ್ಣಾಗಿತ್ತು. ಗದ್ದೆಹೊಸೂರಿನ ನೂರು ಮುಗಿಯುವ ಹೊತ್ತಿಗೆ ನನಗೆ ಮಕ್ಕಳ ಮೇಲೂ ಲೆಕ್ಕದ ಮೇಲೂ ಬೇಸರ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಕಲ್ಮರಡಿಗೆ ಹೋದಾಗ ಬಿಸಿಲು. ಊರಿಗೆ ಒಂದೇ ಬೇವಿನ ಮರ. ಅದರ ನೆರಳಿನಲ್ಲಿ ಅಜ್ಜಿಯರು ಮಕ್ಕಳನ್ನು ಕರೆತಂದು ನಿಲ್ಲಿಸಿದರು. ‘ಯಾರ ಮಗು ಇದು?’ ಎಂದು ಕೇಳಿದರೆ, ‘ನಮ್ಮದೇ ಕಣಪ್ಪ, ಇನ್ಯಾರ್ದು’ ಎನ್ನುವರು. ಮೊದಲ ಹತ್ತು ಹಾಳೆಗೆ ಐದನೆಯ ಪ್ರಶ್ನೆ ಕೇಳಿದೆ. ಹತ್ತೂ ಮಂದಿ ‘ಊಂ, ಇಲ್ಲೇ’ ಎಂದರು. ಹನ್ನೊಂದನೆಯದಕ್ಕೆ ನನ್ನ ಬಾಯಿ ಒಣಗಿತ್ತು. ಎಲ್ಲರೂ ಅದನ್ನೇ ಹೇಳುವುದು, ಸುಮ್ಮನೆ ಯಾಕೆ ಕೇಳಬೇಕು? ಮಧ್ಯಾಹ್ನ ಬೇವಿನ ಬೇರಿನ ಮೇಲೆ ಕೂತು ಉಳಿದ ಹಾಳೆಗಳಿಗೆಲ್ಲ ಒಂದೇ ಸಮನೆ ‘ಹೌದು, ಹೌದು’ ಎಂದು ಬರೆದುಬಿಟ್ಟೆ. ತೊಂಬತ್ತು ಹೌದು. ಅರ್ಧ ಗಂಟೆಯ ಕೆಲಸ.

ಆ ದಿನ ನೋಡಿದವರಲ್ಲಿ ಒಂದು ಹುಡುಗಿ ನೆನಪಿನಲ್ಲಿ ಉಳಿದಳು. ಐದು ವರ್ಷವಿರಬಹುದು, ಹೆಸರು ಕೆಂಪಿ. ಹೊಟ್ಟೆಯ ಎಡಕ್ಕೆ ಎಳೆಚಂದ್ರನ ಹಾಗೆ ಬರೆ ಹಾಕಿದ ಗುರುತು. ಗಡ್ಡೆ ಕರಗಲೆಂದು ಆಗ ಕಾದ ಬಳೆಯಿಂದ ಸುಡುತ್ತಿದ್ದರು. ಗಡ್ಡೆ ಕರಗಿರಲಿಲ್ಲ, ಮೂರು ಬೆರಳಗಲ ಇತ್ತು. ಬೆಲ್ಲ ಕೊಟ್ಟಾಗ, ‘ಇನ್ನೊಂದ್ ಕೊಡು, ನಮ್ಮವ್ವುಂಗೆ’ ಎಂದಳು. ಅವ್ವ ಎಲ್ಲಿ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಇನ್ನೊಂದು ಚೂರು ಕೊಟ್ಟು ಮುಂದಿನ ಮಗುವನ್ನು ಕರೆದೆ.

ಲೆಕ್ಕ ಹಾಕಲು ಮತ್ತೆ ಜಗಲಿಯಲ್ಲಿ ಕೂತೆವು. ಗದ್ದೆಹೊಸೂರಿನಲ್ಲಿ ನೂರಕ್ಕೆ ಮೂವತ್ತನಾಲ್ಕು ಗಡ್ಡೆ, ಕಲ್ಮರಡಿಯಲ್ಲಿ ಇಪ್ಪತ್ತಾರು. ‘ನೋಡಿ ಸಾರ್, ಕಾಲುವೆ ಊರಲ್ಲೇ ಜಾಸ್ತಿ’ ಎಂದೆ. ರಾಯರು ಕೆಮ್ಮಿದರು.

‘ಅವಸರ ಬೇಡ. ನೀರಿಗೂ ಜ್ವರಕ್ಕೂ ಸಂಬಂಧವೇ ಇಲ್ಲ ಅಂತ ಇಟ್ಕೋ. ಆಗ ಈ ಅರವತ್ತು ಗಡ್ಡೆ ಎರಡು ಊರಿಗೆ ಹೇಗೆ ಹಂಚಿಹೋಗಬೇಕಿತ್ತು?’

‘ಮೂವತ್ತು, ಮೂವತ್ತು.’

‘ಗಡ್ಡೆ ಇಲ್ಲದೋರು?’

‘ಎಪ್ಪತ್ತು, ಎಪ್ಪತ್ತು.’

‘ಅದು ಇರಬೇಕಾದ್ದು. ನೀನು ತಂದದ್ದು ಕಂಡದ್ದು. ಪ್ರತಿ ಚೌಕದಲ್ಲೂ ಎರಡರ ವ್ಯತ್ಯಾಸ ತೆಗಿ, ಅದನ್ನ ಅದರಿಂದಲೇ ಗುಣಿಸು, ಇರಬೇಕಾದ್ದರಿಂದ ಭಾಗಿಸು. ನಾಲ್ಕನ್ನೂ ಕೂಡು. ಇದಕ್ಕೆ ಕೈ-ಸ್ಕ್ವೇರ್ ಅಂತಾರೆ. ನಾಲ್ಕು ಚೌಕದ ಪಟ್ಟೀಲಿ ಅದು ಮೂರು ದಶಾಂಶ ಎಂಟು ನಾಲ್ಕು ದಾಟಿದರೆ, ಬರೀ ಆಕಸ್ಮಿಕಕ್ಕೆ ಇಷ್ಟು ವ್ಯತ್ಯಾಸ ಬರೋದು ಇಪ್ಪತ್ತರಲ್ಲಿ ಒಂದು ಸಲವೂ ಇಲ್ಲ ಅಂತ ಅರ್ಥ. ದಾಟದಿದ್ದರೆ ಬಾಯಿ ಮುಚ್ಕೊಂಡು ಕೂತ್ಕೋಬೇಕು.’

ಎಲ್ಲ ಚೌಕದಲ್ಲೂ ವ್ಯತ್ಯಾಸ ನಾಲ್ಕೇ. ಹದಿನಾರನ್ನು ಎರಡು ಸಲ ಮೂವತ್ತರಿಂದ, ಎರಡು ಸಲ ಎಪ್ಪತ್ತರಿಂದ ಭಾಗಿಸಿ ಕೂಡಿದೆ. ಒಂದೂವರೆ ಬಂತು. ಮತ್ತೆ ಮಾಡಿದೆ, ಮತ್ತೂ ಒಂದೂವರೆ. ರಾಯರು ಬಹಳ ಹೊತ್ತು ಹಾಳೆಗಳನ್ನು ಮಗುಚಿ ನೋಡಿದರು. ‘ನಾನು ಹೀಗಿರುತ್ತೆ ಅಂದ್ಕೊಂಡಿರಲಿಲ್ಲ ಕಣಯ್ಯ’ ಎಂದು ಹೇಳಿ, ಎರಡು ಊರುಗಳ ನಡುವೆ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲವೆಂದು ವರದಿ ಬರೆದು ರುಜು ಹಾಕಿದರು. ಕೆಳಗೆ ನನ್ನ ರುಜು. ಹದಿನೈದು ದಿನದಲ್ಲಿ ಜವಾಬು ಬಂತು, ಮಳೆಯ ಊರಿಗಿಂತ ಜ್ವರ ಹೆಚ್ಚೆಂದು ರುಜುವಾತಾಗದ್ದರಿಂದ ಗದ್ದೆಹೊಸೂರಿಗೆ ಈ ವರ್ಷ ಕ್ವಿನೈನು ಇಲ್ಲ.

ಅದನ್ನು ಊರ ಪಟೇಲರಿಗೆ ಓದಿ ಹೇಳಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಓದಿ ಹೇಳಿದೆ. ಅವರು ಕುಡಿಯಲು ಮಜ್ಜಿಗೆ ಕೊಡಿಸಿದರು. ತಿರುಗಿ ಬರುವಾಗ ಕೊನೆಯ ಕೇರಿಯಲ್ಲಿ ಒಬ್ಬ ಹೆಂಗಸು ಭತ್ತ ಕೇರುತ್ತಿದ್ದಳು. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಹುಡುಗಿ ನನ್ನನ್ನು ನೋಡಿ, ‘ಬೆಲ್ಲದಯ್ಯ!’ ಎಂದು ಕೂಗಿತು.

ಕೆಂಪಿ. ಹತ್ತಿರ ಹೋದೆ.

‘ಈ ಮಗು ಕಲ್ಮರಡಿಯದಲ್ಲವೇನಮ್ಮ?’ ಎಂದು ಕೇಳಿದೆ.

ಹೆಂಗಸು ಮೊರ ಕೆಳಗಿಟ್ಟು ನಕ್ಕಳು. ಅವಳ ಹೆಸರು ಪುಟ್ಟಮ್ಮ ಎಂದು ಆಮೇಲೆ ತಿಳಿಯಿತು. ‘ಅದು ನಮ್ಮವ್ವನ ಮನೆ ಕಣ್ ಸ್ವಾಮಿ. ಗಡ್ಡೆ ಜೋರಾಯ್ತು ಅಂತ ದಸರಾ ಆದ್ ಮ್ಯಾಕೆ ಕಳ್ಸಿದ್ದೆ. ಅಲ್ಲಿ ನೀರು ಸೆಂದಾಗೈತೆ, ರಾಗಿ ಉಂಡ್ಕಂಡು ಎಲ್ಡು ತಿಂಗ್ಳು ಇರ್ಲಿ ಅಂತ. ಈ ಊರ್ನೋರೆಲ್ಲ ಅಂಗೇ ಕಳ್ಸಾದು. ನಾವ್ ಸೊಸೇರೆಲ್ಲ ಆ ಕಡೇರೇ ತಾನೆ?’

‘ಎಲ್ಲರೂ ಕಳಿಸ್ತೀರಾ?’

‘ಎದ್ದು ಓಡಾಡೋವ್ನ ಯಾಕ್ ಕಳ್ಸಾನ? ಉಸಾರಿಲ್ದಿರೋವ್ನ ಕಳ್ಸ್ತೀವಿ.’

ಮಗಳ ಮಗು ಅಜ್ಜಿಗೆ ನಮ್ಮದಲ್ಲದೆ ಇನ್ಯಾರದು? ಅಜ್ಜಿಯರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಹತ್ತು ಮಂದಿ ಆ ಊರಿನವರೇ ಇದ್ದರು, ಕೇಳದೆ ಬರೆದ ತೊಂಬತ್ತರಲ್ಲಿ ಗದ್ದೆಹೊಸೂರಿನ ಮಕ್ಕಳು ಸೇರಿಹೋಗಿದ್ದರು. ಅದೂ ಆರಿಸಿ ಕಳಿಸಿದ, ಗಡ್ಡೆ ಬೆಳೆದ ಮಕ್ಕಳು. ಕಾಲುವೆಯ ಊರಿನ ಜ್ವರವನ್ನು ಎತ್ತಿಕೊಂಡು ಹೋಗಿ ಮಳೆಯ ಊರಿನ ಚೌಕದಲ್ಲಿಟ್ಟು, ಎರಡೂ ಒಂದೇ ಎಂದು ರುಜು ಹಾಕಿದ್ದೆ. ಅವಳ ಮುಂದೆ ನಿಂತು ಇದನ್ನೆಲ್ಲ ಹೇಳಲು ನನಗೆ ಧೈರ್ಯ ಬರಲಿಲ್ಲ. ಸರ್ವೆಯವರಿಗೆಂದು ಕೊಟ್ಟಿದ್ದ ಹದಿನಾಲ್ಕು ಮಾತ್ರೆ ಚೀಲದಲ್ಲಿದ್ದವು. ಅಷ್ಟನ್ನೂ ಅವಳ ಕೈಗೆ ಹಾಕಿ, ದಿನಕ್ಕೆ ಎರಡರಂತೆ ಏಳು ದಿನ ಮಗುವಿಗೆ ಕೊಡು ಎಂದು ಹೇಳಿ ಓಡಿದಂತೆ ನಡೆದುಬಂದೆ.

ರಾಯರಿಗೆ ಹೇಳಿದೆ. ತೊಂಬತ್ತು ಹೌದುಗಳ ವಿಷಯವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತರು. ಬೈದಿದ್ದರೆ ವಾಸಿಯಾಗಿತ್ತು.

‘ಸಾರ್, ಹೆಸರು ಇದೆ. ವಿಚಾರಿಸಿ ಆ ಮಕ್ಕಳನ್ನ ಗದ್ದೆಹೊಸೂರಿನ ಚೌಕಕ್ಕೆ ಸೇರಿಸಿದರೆ ಲೆಕ್ಕ ಸರಿಯಾಗುತ್ತೆ. ನಾಲ್ಕೈದು ಸೇರಿದರೆ ಸಾಕು, ದಾಟಿಬಿಡುತ್ತೆ.’

‘ಎಷ್ಟು ಸೇರಿದರೆ ದಾಟುತ್ತೆ ಅಂತ ಆಗಲೇ ನೋಡಿಟ್ಟಿದ್ದೀಯ?’ ಎಂದರು. ‘ಅದೇ ಕಣಯ್ಯ ಮಾಡಬಾರದ್ದು. ಉತ್ತರ ನೋಡಿದ ಮೇಲೆ ಮಕ್ಕಳನ್ನ ಆ ಚೌಕದಿಂದ ಈ ಚೌಕಕ್ಕೆ ಎತ್ತಿಟ್ಟರೆ ಅದು ಲೆಕ್ಕ ಅಲ್ಲ, ಚೌಕಾಬಾರ. ಇವತ್ತು ನೀನು ಒಳ್ಳೇದಕ್ಕೆ ಎತ್ತಿಡ್ತೀಯ, ನಾಳೆ ಇನ್ನೊಬ್ಬ ಕೆಟ್ಟದ್ದಕ್ಕೆ ಎತ್ತಿಡ್ತಾನೆ. ಈ ವರದಿ ನಂಬಬೇಡಿ ಅಂತ ನಾನು ಬರೀತೀನಿ. ಮುಂದಿನ ಕಾರ್ತಿಕಕ್ಕೆ ಮೊದಲಿಂದ ಮಾಡೋದು. ಚೀಟಿ ಎತ್ತಿ, ಯಾವ ಊರಲ್ಲಿ ಮಳೆಗಾಲ ಕಳೆದರೋ ಆ ಊರಿಗೆ ಸೇರಿಸಿ.’

‘ಅಷ್ಟರೊಳಗೆ ಇನ್ನೊಂದು ಮಳೆಗಾಲ ಬರುತ್ತೆ ಸಾರ್.’

‘ಬರುತ್ತೆ’ ಎಂದರು. ಅಷ್ಟೇ ಹೇಳಿ ಒಳಗೆ ಹೋಗಿ ಮಲಗಿದರು. ಅವರ ಮೇಲೆ ನನಗೆ ಆಗ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಅವರು ಹೇಳಿದ್ದು ಸರಿಯೆಂದು ಅಂದೇ ಗೊತ್ತಿತ್ತು, ಸಿಟ್ಟು ಇಳಿಯದಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ರಾಯರು ಬರೆದ ಕಾಗದಕ್ಕೆ, ನಂಬುವಂಥ ಲೆಕ್ಕ ಬಂದಾಗ ನೋಡೋಣ ಎಂದು ಜವಾಬು ಬಂತು. ಬೇಸಿಗೆಯಲ್ಲಿ ಒಮ್ಮೆ ಪುಟ್ಟಮ್ಮ ಚಿಕ್ಕರಸಿನಕೆರೆಯಲ್ಲಿ ಕಂಡಳು. ಮಾತ್ರೆ ಕೊಟ್ಟೆಯಾ ಎಂದು ಕೇಳಿದೆ.

‘ಕೊಟ್ಟೆ ಸ್ವಾಮಿ. ನಮ್ ಕೇರೀಲಿ ಏಳ್ ಮಕ್ಳು ಚಳೀಲಿ ನಡುಗ್ತಿದ್ವು. ತಲೆಗೆರಡು ಕೊಟ್ಟೆ.’

‘ಎಲ್ಲವನ್ನೂ ಕೆಂಪಿಗೇ ಕೊಡು ಅಂದಿದ್ದೆನಲ್ಲ ತಾಯಿ!’

ಅವಳು ನನ್ನನ್ನು ಏನೂ ತಿಳಿಯದವನನ್ನು ನೋಡುವ ಹಾಗೆ ನೋಡಿದಳು. ‘ಎಂಗ್ ಕೊಡಾನ? ಪಕ್ಕದ್ ಮನೆ ಮೊಗ ಅಂಗೆ ಮಲಗಿರ್ವಾಗ ನನ್ ಮಗೀಗೊಬ್ಳಿಗೇ ಎಂಗ್ ನುಂಗ್ಸಾನ?’

ಏಳು ದಿನದ ಮದ್ದು ಏಳು ಮಕ್ಕಳಿಗೆ ಒಂದೊಂದು ದಿನದ ಮದ್ದಾಗಿ ಯಾರಿಗೂ ಮದ್ದಾಗಿರಲಿಲ್ಲ. ನಾನು ಕಚೇರಿಯ ಹೆಸರಿನಲ್ಲಿ ಒಂದು ಊರನ್ನೇ ಕೈಬಿಟ್ಟಿದ್ದೆ, ಅವಳಿಗೆ ಒಂದು ಮನೆಯನ್ನೂ ಕೈಬಿಡಲು ಆಗಿರಲಿಲ್ಲ.

ಮಳೆಗಾಲ ಬಂತು, ನಾಟಿಯಾಯಿತು, ಗದ್ದೆಯಲ್ಲಿ ನೀರು ನಿಂತಿತು. ನನಗೂ ಜ್ವರ ಬಂತು, ಒಂದು ದಿನ ಬಿಟ್ಟು ಒಂದು ದಿನ, ಮಧ್ಯಾಹ್ನಕ್ಕೆ ಸರಿಯಾಗಿ. ರಗ್ಗು ಹೊದ್ದು ನಡುಗುತ್ತ ಕಾರ್ತಿಕವನ್ನು ಕಾದೆ. ಕಾರ್ತಿಕದಲ್ಲಿ ಎರಡು ಊರಿನ ಮಕ್ಕಳ ಹೆಸರನ್ನೂ ಹಿಂದಿನ ವರ್ಷದ ಮನೆಪಟ್ಟಿಯಿಂದ ಚೀಟಿಯಲ್ಲಿ ಬರೆದು ಮಡಕೆಗೆ ಹಾಕಿದೆವು. ಸಿಕ್ಕ ಮಗು ಇಲ್ಲದಿದ್ದರೆ ಬದಲಿಗೆ ಇನ್ನೊಂದು ಚೀಟಿ ಎಂಬುದು ರಾಯರು ಮೊದಲೇ ಬರೆದಿಟ್ಟ ನಿಯಮ. ಈ ಸಲ ಐದನೆಯ ಪ್ರಶ್ನೆಯನ್ನು ನಾನು ಮೊದಲು ಕೇಳುತ್ತಿದ್ದೆ, ಎರಡು ಸಲ ಕೇಳುತ್ತಿದ್ದೆ. ಕಲ್ಮರಡಿಯ ಅಜ್ಜಿಯರು, ‘ಓದೊರ್ಸ ಸುಮ್ನಿದ್ದ, ಈಗ ಪೋಲೀಸ್ನವ್ರಂಗೆ ಕೇಳ್ತಾನಲ್ಲವ್ವ’ ಎಂದು ತಮ್ಮತಮ್ಮಲ್ಲೇ ಆಡಿಕೊಂಡರು.

ಗದ್ದೆಹೊಸೂರಿನ ಎಪ್ಪತ್ತೋ ಎಪ್ಪತ್ತೊಂದೋ ಚೀಟಿ ಬಿಡಿಸಿದಾಗ ಕೆಂಪಿಯ ಹೆಸರು ಬಂತು. ಕೊನೆಯ ಕೇರಿಗೆ ಹೋದೆ. ಪುಟ್ಟಮ್ಮ ಬಾಗಿಲಲ್ಲಿ ಕೂತಿದ್ದಳು. ಕಂಬಳಿ ಗೋಡೆಯ ಗೂಟದಲ್ಲಿತ್ತು.

‘ಕೆಂಪಿ ಎಲ್ಲಮ್ಮ? ಕಲ್ಮರಡಿಗೆ ಕಳಿಸಿದ್ದೀಯಾ?’

‘ಸ್ರಾವಣದಲ್ಲಿ ಓದ್ಳು ಸ್ವಾಮಿ.’

ಎಲ್ಲಿಗೆ ಎಂದು ಕೇಳುವಷ್ಟು ದಡ್ಡ ನಾನಾಗಿರಲಿಲ್ಲ. ಕೈಯಲ್ಲಿ ಹಾಳೆ, ಪೆನ್ಸಿಲು. ಅವಳು ಅವುಗಳನ್ನು ನೋಡಿದಳು.

‘ಬರ್ಕೊ. ಗಡ್ಡೆ ಇತ್ತು ಅಂತ ಬರ್ಕೊ. ನೀನೇ ಮುಟ್ಟಿ ನೋಡಿದ್ದೆ.’

‘ಬರೆಯೋ ಹಾಗಿಲ್ಲ ತಾಯಿ. ಎದುರಿಗಿರೋ ಮಕ್ಕಳನ್ನ ಮಾತ್ರ...’

‘ಓದೊರ್ಸ ಇಲ್ಲಿಯೋಳ್ನ ತಕ್ಕೊಂಡೋಗಿ ಅಲ್ಲಿ ಬರ್ಕೊಂಡೆ. ಈ ಒರ್ಸ ಎಲ್ಲೂ ಬರ್ಕೊಳಾಂಗಿಲ್ಲ ಅಂತೀಯ. ನಿನ್ ಪುಸ್ತಕದಾಗೆ ನನ್ ಮಗಳು ಈ ಊರಾಗೆ ಇದ್ದದ್ದೇ ಇಲ್ವಾ ಅಂಗಾರೆ?’

ಹಿಂದಿನ ವರ್ಷದ ಕಥೆ ಹೇಗೋ ಅವಳ ಕಿವಿಗೆ ಬಿದ್ದಿತ್ತು. ಅವಳ ದನಿ ಏರಲಿಲ್ಲ, ಅವಳು ಅಳಲೂ ಇಲ್ಲ. ನಾನು ಅತ್ತೆ. ಸರ್ಕಾರದ ಹಾಳೆ ಹಿಡಿದುಕೊಂಡು ಅವಳ ಬಾಗಿಲಲ್ಲಿ ನಿಂತು ಅತ್ತೆ. ಅವಳೇ ಎದ್ದು ಒಳಗೆ ಹೋಗಿ ಒಂದು ಚೆಂಬು ನೀರು ತಂದಳು. ‘ಕುಡಿ. ನಿಂಗೂ ಜರ ಬಂದೈತೆ, ಮೊಕ ನೋಡುದ್ರೆ ತಿಳೀತದೆ. ಓಗು, ಉಳಿದೋವ್ನ ನೋಡು ಓಗು’ ಎಂದಳು.

ಮಡಕೆಗೆ ಕೈ ಹಾಕಿ ಇನ್ನೊಂದು ಚೀಟಿ ಎತ್ತಿದೆ. ಮೂರು ಮನೆ ಆಚೆಯ ಗಟ್ಟಿಮುಟ್ಟಾದ ಹುಡುಗ. ಉಸಿರೆಳೆಸಿ ನೋಡಿದೆ. ಗಡ್ಡೆ ಇಲ್ಲ ಎಂದು ಬರೆದೆ.

ಗದ್ದೆಹೊಸೂರಿನಲ್ಲಿ ನಲವತ್ತೊಂಬತ್ತು, ಕಲ್ಮರಡಿಯಲ್ಲಿ ಹದಿನೈದು. ಕೈ-ಸ್ಕ್ವೇರ್ ಇಪ್ಪತ್ತಾರೂವರೆ ಬಂತು. ರಾಯರು ಎರಡು ಸಲ ಕೂಡಿ ನೋಡಿ, ‘ಇದನ್ನ ಯಾರೂ ಅಲ್ಲಗಳೆಯೋ ಹಾಗಿಲ್ಲ’ ಎಂದು ರುಜು ಹಾಕಿದರು. ಮಾಘದಲ್ಲಿ ಕ್ವಿನೈನು ಬಂತು. ಅದರ ಹಿಂದೆಯೇ ಊರ ಸುತ್ತಲ ಗುಂಡಿಗಳಿಗೆ ಎಣ್ಣೆ ಬಿಡುವ ಆಳುಗಳೂ ಬಂದರು. ಕೊನೆಯ ಕೇರಿಯ ಹಿಂದಿನ ಗುಂಡಿಗೆ ಸೀಮೆಎಣ್ಣೆ ಬಿಡುವಾಗ ನಾನು ನಿಂತು ನೋಡಿದೆ. ಪುಟ್ಟಮ್ಮನೂ ಮೊರ ಹಿಡಿದುಕೊಂಡು ನೋಡುತ್ತಿದ್ದಳು. ಆ ಯುಗಾದಿಯ ಹೊತ್ತಿಗೆ ನನ್ನನ್ನು ಬೇರೆ ಕಡೆ ಹಾಕಿದರು.

ಆಮೇಲೆ ಮೂವತ್ತು ವರ್ಷ ಅಂಕಿಅಂಶದಲ್ಲೇ ಅನ್ನ ತಿಂದೆ. ದೊಡ್ಡದೊಡ್ಡ ಪಟ್ಟಿಗಳನ್ನು ನೋಡಿದೆ, ಎಷ್ಟೋ ಹುಡುಗರಿಗೆ ಈ ಲೆಕ್ಕ ಕಲಿಸಿದೆ, ಉತ್ತರ ನೋಡಿ ಚೌಕ ಬದಲಿಸಬೇಡಿ ಎಂದು ರಾಯರ ಹಾಗೆಯೇ ಗದರಿದೆ. ಆದರೆ ನಿದ್ದೆ ಬಾರದಾಗ, ಬಸ್ಸು ತಡವಾದಾಗ, ಮೊನ್ನೆಯ ಹಾಗೆ ಎಣ್ಣೆಯ ವಾಸನೆ ಬಂದಾಗ, ನಾನು ಮಾಡುವ ಲೆಕ್ಕ ಒಂದೇ. ಆ ಗಟ್ಟಿ ಹುಡುಗನ ಜಾಗಕ್ಕೆ ಕೆಂಪಿಯನ್ನು ಸೇರಿಸುತ್ತೇನೆ. ನಲವತ್ತೊಂಬತ್ತು ಐವತ್ತಾಗುತ್ತದೆ. ಇಪ್ಪತ್ತಾರೂವರೆ ಇದ್ದದ್ದು ಇಪ್ಪತ್ತೆಂಟಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ಅದರಿಂದ ಕಚೇರಿಯ ತೀರ್ಮಾನದಲ್ಲಿ ಏನೂ ಬದಲಾಗುವುದಿಲ್ಲ, ನಿಯಮಕ್ಕೂ ವಿರುದ್ಧ. ಆದರೂ ಅವಳನ್ನು ಅವಳ ಊರಿನಲ್ಲಿ ಬರೆದುಕೊಂಡು, ಮತ್ತೊಮ್ಮೆ ಕೂಡುತ್ತೇನೆ.